ಜಿಗಿತದ ರೇಸಿಗೆ ಎಳೆಯ ಕುದುರೆ: ಐರ್ಲೆಂಡ್, ಬ್ರಿಟನ್ ಹರಾಜಿನಲ್ಲಿ ಕೊಳ್ಳುವುದು, ಮಾರುವುದು ಹೇಗೆ?

ಬೆಂಗಳೂರಿನಲ್ಲೋ ಮೈಸೂರಿನಲ್ಲೋ ರೇಸ್ ನೋಡಿ ಅಭ್ಯಾಸವಾದವರಿಗೆ ರೇಸ್ ಕುದುರೆ ಅಂದರೆ ಎರಡು, ಮೂರು ವರ್ಷಕ್ಕೇ ಓಟಕ್ಕೆ ಇಳಿಯುವ ಪ್ರಾಣಿ. ಸಮತಟ್ಟಾದ ಹುಲ್ಲಿನ ಮೇಲೆ ಒಂದೆರಡು ನಿಮಿಷ ಓಡಿದರೆ ರೇಸ್ ಮುಗಿಯಿತು. ಐರ್ಲೆಂಡ್ ಮತ್ತು ಬ್ರಿಟನ್‌ನಲ್ಲಿ ಇದರ ಜೊತೆಗೆ ಬೇರೆಯೇ ಒಂದು ಲೋಕವಿದೆ. ಅಲ್ಲಿ ಚಳಿಗಾಲದ ಕೆಸರಿನಲ್ಲಿ ಕುದುರೆಗಳು ಎರಡರಿಂದ ನಾಲ್ಕು ಮೈಲಿ ದೂರ ಬೇಲಿ ಹಾರುತ್ತ ಓಡುತ್ತವೆ. ಇದಕ್ಕೆ ನ್ಯಾಷನಲ್ ಹಂಟ್ ರೇಸಿಂಗ್ ಎಂದು ಹೆಸರು. ಹರ್ಡಲ್ ಎಂಬ ಚಿಕ್ಕ ಬೇಲಿಯೇ ಕನಿಷ್ಠ ಮೂರೂವರೆ ಅಡಿ, ಸ್ಟೀಪಲ್‌ಚೇಸ್‌ನ ದೊಡ್ಡ ಬೇಲಿ ಕನಿಷ್ಠ ನಾಲ್ಕೂವರೆ ಅಡಿ ಎತ್ತರ ಇರುತ್ತದೆ.

ಈ ಕೆಲಸಕ್ಕೆ ಕುದುರೆ ನಿಧಾನವಾಗಿ ಬೆಳೆಯಬೇಕು. ಮುಂಗಾಲಿನ ಮಂಡಿಯ ಎಲುಬು ಗಟ್ಟಿಯಾಗುವುದಕ್ಕೇ ಎರಡೂವರೆ ವರ್ಷ ಹಿಡಿಯುತ್ತದೆ. ಬೆನ್ನೆಲುಬು ಪೂರ್ತಿ ಬಲಿಯಲು ಐದಾರು ವರ್ಷ ಬೇಕು. ಹಾಗಾಗಿ ಮೂರು ವರ್ಷದವರೆಗೆ ಈ ಕುದುರೆಗಳು ಹೊಲದಲ್ಲಿ ಮೇಯುತ್ತಾ ಇರುತ್ತವೆ. ಬೆನ್ನ ಮೇಲೆ ಜೀನು ಬಿದ್ದಿರುವುದಿಲ್ಲ, ಮನುಷ್ಯ ಕೂತಿರುವುದಿಲ್ಲ. ಅಂಥ ಕುದುರೆಗೆ ಅಲ್ಲಿ ‘ಸ್ಟೋರ್’ ಅನ್ನುತ್ತಾರೆ. ಓಟವನ್ನೇ ನೋಡದ ಈ ಸ್ಟೋರ್ ಕುದುರೆಯ ಮೇಲೆ ಜನ ಐದು ಸಾವಿರ ಯೂರೋ ಹಾಕುವುದೂ ಉಂಟು, ಲಕ್ಷ ದಾಟಿಸುವುದೂ ಉಂಟು. ಡಬ್ಲಿನ್, ಲಂಡನ್ ಕಡೆ ಇರುವ ಕನ್ನಡಿಗರಲ್ಲಿ ಕೆಲವರು ನಾಲ್ಕೈದು ಜನ ಸೇರಿ ಒಂದು ಕುದುರೆ ಕೊಳ್ಳೋಣ್ವಾ ಅಂತ ಕೇಳುತ್ತಿರುತ್ತಾರೆ. ಅವರಿಗೂ, ಈ ವ್ಯಾಪಾರ ಹೇಗೆ ನಡೆಯುತ್ತದೆ ಎಂಬ ಕುತೂಹಲ ಇರುವ ಎಲ್ಲರಿಗೂ ಇದನ್ನು ಬರೆಯುತ್ತಿದ್ದೇನೆ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಸ್ಟೋರ್ ಕುದುರೆ ಕೊಳ್ಳುವವರು ಕೊಳ್ಳುವುದು ಇನ್ನೂ ಎರಡು ಮೂರು ವರ್ಷದ ಕಾಯುವಿಕೆಯನ್ನು. ಅಷ್ಟು ಕಾಯುವ ತಾಳ್ಮೆ, ಅಷ್ಟು ಕಾಲ ಸಾಕುವ ದುಡ್ಡು, ಅಷ್ಟು ದಿನ ತಾಳಬಲ್ಲ ಕಾಲುಗಳಿರುವ ಕುದುರೆ, ಈ ಮೂರೂ ಬೇಕು. ಮುಂದೆ ಹೇಳುವುದೆಲ್ಲ ಇದರ ಸುತ್ತಲೇ.

1. ಯಾವ ವಯಸ್ಸಿನದು ಬೇಕು ಅಂತ ಮೊದಲು ನಿರ್ಧರಿಸಿ

ಜಿಗಿತದ ಕುದುರೆ ಮೂರು ಹಂತದಲ್ಲಿ ಹರಾಜಿಗೆ ಬರುತ್ತದೆ.

ಮೊದಲನೆಯದು, ಹುಟ್ಟಿದ ವರ್ಷವೇ, ತಾಯಿ ಹಾಲು ಬಿಡಿಸಿದ ಮರಿ. ಇವುಗಳ ಹರಾಜು ನವೆಂಬರ್, ಡಿಸೆಂಬರ್‌ನಲ್ಲಿ. ಕೊಳ್ಳುವವರು ಹೆಚ್ಚಾಗಿ ವ್ಯಾಪಾರಿಗಳೇ. ಎರಡೂವರೆ ವರ್ಷ ಸಾಕಿ, ಸ್ಟೋರ್ ಆಗಿ ಮಾರುವುದು ಅವರ ಲೆಕ್ಕ. ಹೊಲ, ಕೊಟ್ಟಿಗೆ, ಅನುಭವ ಮೂರೂ ಇಲ್ಲದವರು ಇದಕ್ಕೆ ಕೈ ಹಾಕದಿರುವುದು ಒಳ್ಳೆಯದು.

ಎರಡನೆಯದು, ಮೂರು ವರ್ಷದ ಸ್ಟೋರ್. ಮೇ ತಿಂಗಳಲ್ಲಿ ಇಂಗ್ಲೆಂಡಿನ ಡಾಂಕಾಸ್ಟರ್‌ನಲ್ಲಿ ಗಾಫ್ಸ್ ಯುಕೆ ಎಂಬ ಹರಾಜು ಸಂಸ್ಥೆ ನಡೆಸುವ ಹರಾಜಿನಿಂದ ಋತು ಶುರುವಾಗುತ್ತದೆ. ಜೂನ್‌ನಲ್ಲಿ ಐರ್ಲೆಂಡಿನ ಕಿಲ್ಡೇರ್ ಕೌಂಟಿಯ ಕಿಲ್ ಎಂಬ ಊರಲ್ಲಿ ಗಾಫ್ಸ್‌ನ ಆರ್ಕಲ್ ಸೇಲ್. ಜೂನ್ ಕೊನೆಯ ಹೊತ್ತಿಗೆ, ಐರಿಷ್ ಡರ್ಬಿ ಎಂಬ ದೊಡ್ಡ ರೇಸ್ ನಡೆಯುವ ಆಸುಪಾಸಿನಲ್ಲಿ, ಮೀತ್ ಕೌಂಟಿಯ ಫೇರಿಹೌಸ್‌ನಲ್ಲಿ ಇನ್ನೊಂದು ಹರಾಜು ಸಂಸ್ಥೆಯಾದ ಟ್ಯಾಟರ್‌ಸಾಲ್ಸ್ ಐರ್ಲೆಂಡ್‌ನ ಡರ್ಬಿ ಸೇಲ್. ಈ ಎರಡು ಐರಿಷ್ ಹರಾಜುಗಳೇ ಸ್ಟೋರ್ ವ್ಯಾಪಾರದ ಹೃದಯ. ಇವಾದ ಮೇಲೆ ಸ್ವಲ್ಪ ಕಡಿಮೆ ದರ್ಜೆಯ ಕುದುರೆಗಳಿಗೆ ಬೇಸಿಗೆಯಲ್ಲೇ ಬೇರೆ ಹರಾಜುಗಳು ಇವೆ. ಹೊಸಬರು ಕಡಿಮೆ ಬೆಲೆಗೆ ಒಳ್ಳೆಯದನ್ನು ಹುಡುಕಬೇಕಾದ ಜಾಗ ಅದು ಅಂತ ನನ್ನ ಅಭಿಪ್ರಾಯ.

ಮೂರನೆಯದು, ಪಾಯಿಂಟ್-ಟು-ಪಾಯಿಂಟ್ ಓಡಿದ ನಾಲ್ಕು, ಐದು ವರ್ಷದ ಕುದುರೆ. ಪಾಯಿಂಟ್-ಟು-ಪಾಯಿಂಟ್ ಅಂದರೆ ಹಳ್ಳಿಗಾಡಿನ ಹೊಲಗಳಲ್ಲಿ ನಡೆಯುವ, ಹವ್ಯಾಸಿ ಜಾಕಿಗಳು ಸವಾರಿ ಮಾಡುವ, ಸುಮಾರು ಮೂರು ಮೈಲಿಯ ಜಿಗಿತದ ರೇಸುಗಳು. ಐರ್ಲೆಂಡಿನ ವೆಕ್ಸ್‌ಫರ್ಡ್ ಕೌಂಟಿಯಲ್ಲಿ ಇದೇ ದೊಡ್ಡ ಕಸುಬು. ಸ್ಟೋರ್ ಕೊಂಡು, ಪಳಗಿಸಿ, ಒಂದು ರೇಸ್ ಗೆಲ್ಲಿಸಿ, ಕೂಡಲೇ ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನಂಥ ಕಡೆ ಹರಾಜಿಗೆ ಹಾಕುತ್ತಾರೆ. ಜಾನ್‌ಬಾನ್ ಎಂಬ ಕುದುರೆ ಕಾರ್ಕ್ ಕೌಂಟಿಯ ಡ್ರೊಮಹೇನ್‌ನಲ್ಲಿ ಇಂಥ ಒಂದು ರೇಸ್ ಗೆದ್ದು, 2020ರ ನವೆಂಬರ್‌ನಲ್ಲಿ 5,70,000 ಪೌಂಡ್‌ಗೆ ಹೋಯಿತು. ಡುವಾನ್ ಎಂಬ ಹೆಸರಾಂತ ಕುದುರೆಯ ಒಡಹುಟ್ಟು ಅದು. ಮುಂದೆ ಅತಿ ಮೇಲಿನ ದರ್ಜೆಯ, ಗ್ರೇಡ್ 1 ರೇಸುಗಳನ್ನೂ ಗೆದ್ದಿತು.

ಓಡಿ ತೋರಿಸಿದ ಇಂಥ ಕುದುರೆಯಲ್ಲಿ ಅನುಮಾನ ಕಡಿಮೆ, ಬೆಲೆ ಜಾಸ್ತಿ. ಸ್ಟೋರ್‌ನಲ್ಲಿ ಬೆಲೆ ಕಡಿಮೆ, ಅನುಮಾನ ಜಾಸ್ತಿ. ಈ ಲೇಖನದಲ್ಲಿ ಹೆಚ್ಚಾಗಿ ಸ್ಟೋರ್ ಬಗ್ಗೆಯೇ ಹೇಳುತ್ತೇನೆ.

2. ಕೊಳ್ಳುವ ಬೆಲೆಗಿಂತ ಸಾಕುವ ಬೆಲೆ ದೊಡ್ಡದು

ಜೂನ್‌ನಲ್ಲಿ ಕೊಂಡ ಸ್ಟೋರ್ ಅನ್ನು ಪಳಗಿಸಬೇಕು, ಮತ್ತೆ ಹೊಲಕ್ಕೆ ಬಿಡಬೇಕು, ಆಮೇಲೆ ಟ್ರೇನರ್ ಹತ್ತಿರ ಕಳಿಸಬೇಕು. ನಾಲ್ಕನೇ ವರ್ಷಕ್ಕೆ ಬೇಲಿಯಿಲ್ಲದ ‘ಬಂಪರ್’ ಓಟ, ಆಮೇಲೆ ಹರ್ಡಲ್, ಆರು ಏಳರ ಹೊತ್ತಿಗೆ ದೊಡ್ಡ ಬೇಲಿ. ಇಂಗ್ಲೆಂಡಿನ ಹೆಸರಾಂತ ಜಿಗಿತದ ರೇಸಾದ ಗ್ರ್ಯಾಂಡ್ ನ್ಯಾಷನಲ್ ಓಡಬೇಕಾದರೆ ಏಳು ವರ್ಷ ತುಂಬಿರಲೇಬೇಕು ಅಂತ ನಿಯಮವೇ ಇದೆ.

ಈ ಅಷ್ಟೂ ಕಾಲ ಮೇವು, ಲಾಳ, ಡಾಕ್ಟರು, ಹಲ್ಲು ನೋಡುವವರು, ಸಾಗಾಟ, ರೇಸಿನ ಪ್ರವೇಶ ಶುಲ್ಕ ಎಲ್ಲ ನಿಮ್ಮ ಖರ್ಚು. ಟ್ರೇನರ್‌ಗಳು ದಿನಕ್ಕೆ ಇಷ್ಟು ಅಂತ ದರ ಹೇಳುತ್ತಾರೆ, ಉಳಿದದ್ದು ಅದರ ಮೇಲೆ. ಬ್ರಿಟನ್‌ನಲ್ಲಿ ಟ್ರೇನಿಂಗ್‌ನಲ್ಲಿರುವ ಒಂದು ಕುದುರೆಗೆ ವರ್ಷಕ್ಕೆ 20,000 ಪೌಂಡ್‌ಗಿಂತ ಜಾಸ್ತಿ ಆಗುತ್ತದೆ ಅಂತ ಇಟ್ಟುಕೊಳ್ಳಿ. ಹತ್ತು ಸಾವಿರಕ್ಕೆ ಕೊಂಡ ಕುದುರೆ ಮೊದಲ ದೊಡ್ಡ ಬೇಲಿ ಹಾರುವ ಹೊತ್ತಿಗೆ ಎಷ್ಟು ನುಂಗಿರುತ್ತದೆ ಅಂತ ಈಗಲೇ ಕಾಗದದ ಮೇಲೆ ಬರೆದು ನೋಡಿ.

ಇನ್ನೊಂದು ವಿಷಯ. ಜಿಗಿತದ ಗಂಡು ಕುದುರೆಗಳಲ್ಲಿ ಬಹುಪಾಲು ಬೀಜ ಒಡೆಸಿದವು. ಓಟ ನಿಂತ ಮೇಲೆ ಅವುಗಳಿಂದ ತಳಿ ಬೆಳೆಸುವ ಆದಾಯ ಇಲ್ಲ. ಹೆಣ್ಣಾದರೆ, ಒಳ್ಳೆಯ ವಂಶದ್ದಾದರೆ, ಮುಂದೆ ಮರಿ ಹಾಕಿಸಲು ಬೆಲೆ ಇರುತ್ತದೆ. ಇತ್ತೀಚೆಗೆ ಹೆಣ್ಣು ಕುದುರೆಗಳಿಗೆ ಪ್ರತ್ಯೇಕ ರೇಸುಗಳೂ ಹೆಚ್ಚಿವೆ. ಬ್ರಿಟನ್ನಿನಲ್ಲಿ ಹುಟ್ಟಿದ ಹೆಣ್ಣು ಕುದುರೆಗಳಿಗೆ 2020ರಲ್ಲಿ ಗ್ರೇಟ್ ಬ್ರಿಟಿಷ್ ಬೋನಸ್ ಎಂಬ ಯೋಜನೆ ಬಂದ ಮೇಲೆ ಗೆದ್ದಾಗ ಬಹುಮಾನದ ಮೇಲೆ ಇನ್ನಷ್ಟು ದುಡ್ಡು ಸಿಗುತ್ತದೆ. ಎರಡು ಕುದುರೆ ಸಮ ಸಮ ಕಂಡಾಗ, ಇಂಥ ಬೋನಸ್‌ಗೆ ಹೆಸರು ನೋಂದಾಯಿಸಿದೆಯಾ ಅಂತ ನೋಡುವುದು ಲಾಭ.

ಪಾಲುದಾರಿಕೆಯಲ್ಲಿ ಕೊಳ್ಳುವುದಾದರೆ ಎಲ್ಲವನ್ನೂ ಬರವಣಿಗೆಯಲ್ಲಿ ಇಟ್ಟುಕೊಳ್ಳಿ. ಯಾರದು ಎಷ್ಟು ಪಾಲು, ತಿಂಗಳ ಖರ್ಚು ಯಾರು ವಸೂಲಿ ಮಾಡುತ್ತಾರೆ, ಒಬ್ಬರು ಬಿಟ್ಟು ಹೋದರೆ ಏನು, ಕುದುರೆ ಗಾಯಗೊಂಡರೆ ಯಾರ ಮಾತು ಕೊನೆಯದು. ಗೆಳೆಯರ ಮಧ್ಯೆ ಕಾಗದ ಯಾಕೆ ಅಂತ ಅನ್ನಿಸುತ್ತೆ. ಆದರೆ ಗೆಳೆತನ ಉಳಿಯಬೇಕು ಅಂದರೇ ಕಾಗದ ಬೇಕು. ಬೇರೆಯವರು ನಡೆಸುವ ಸಿಂಡಿಕೇಟ್‌ಗೆ, ಅಂದರೆ ಪಾಲುದಾರರ ಗುಂಪಿಗೆ ಸೇರುವುದಾದರೆ, ಕುದುರೆಗೆ ಹರಾಜಿನಲ್ಲಿ ಕೊಟ್ಟ ಬೆಲೆ ಎಷ್ಟು, ನಿಮಗೆ ಪಾಲು ಮಾರುತ್ತಿರುವ ಬೆಲೆ ಎಷ್ಟು ಅಂತ ಎರಡನ್ನೂ ಕೇಳಿ. ಹೇಳಲು ಹಿಂಜರಿದರೆ ಅಲ್ಲಿಗೇ ಬಿಟ್ಟುಬಿಡಿ.

3. ಕ್ಯಾಟಲಾಗ್ ಓದುವ ಬಗೆ

ಹರಾಜಿಗೆ ಕೆಲವು ವಾರ ಮುಂಚೆ ಕ್ಯಾಟಲಾಗ್ ಬರುತ್ತದೆ. ಒಂದೊಂದು ಕುದುರೆಗೆ ಒಂದೊಂದು ಪುಟ, ಒಂದೊಂದು ಲಾಟ್ ನಂಬರ್. ಮೇಲೆ ತಂದೆ, ತಾಯಿಯ ವಂಶವೃಕ್ಷ. ಕೆಳಗೆ ತಾಯಿ, ಅಜ್ಜಿ, ಮುತ್ತಜ್ಜಿಯ ಸಂತಾನದ ಕಥೆ. ದೊಡ್ಡ ರೇಸ್ ಗೆದ್ದವರ ಹೆಸರು ದಪ್ಪ ಅಕ್ಷರದಲ್ಲಿ ಇರುತ್ತದೆ. ಇದಕ್ಕೆ ‘ಬ್ಲ್ಯಾಕ್ ಟೈಪ್’ ಅನ್ನುತ್ತಾರೆ.

ಹೊಸಬರ ಕಣ್ಣು ಸೀದಾ ಆ ದಪ್ಪ ಅಕ್ಷರಕ್ಕೆ ಹೋಗುತ್ತದೆ. ಸ್ವಲ್ಪ ತಡೆಯಿರಿ. ಆ ಹೆಸರು ತಾಯಿಯ ಮಗುವಿನದಾ, ಮುತ್ತಜ್ಜಿಯ ಮೊಮ್ಮಗುವಿನದಾ? ದೂರ ಹೋದಷ್ಟೂ ಅದರ ಬೆಲೆ ಕಡಿಮೆ. ತಾಯಿಗೆ ಓಡುವ ವಯಸ್ಸಿನ ಮಕ್ಕಳು ಎಷ್ಟಿವೆ, ಅದರಲ್ಲಿ ಎಷ್ಟು ನಿಜವಾಗಿ ಓಡಿವೆ ಅಂತ ಎಣಿಸಿ. ಐದು ಮಕ್ಕಳಲ್ಲಿ ಒಂದೇ ಒಂದು ಓಡಿದೆ ಅಂದರೆ ಉಳಿದ ನಾಲ್ಕಕ್ಕೆ ಏನಾಯಿತು ಅಂತ ಕೇಳಬೇಕು. ಕಾಲು ಗಟ್ಟಿಯಿಲ್ಲದ ಮನೆತನ ಇರಬಹುದು. ನಾನಂತೂ ಗೆಲುವಿನ ಸಂಖ್ಯೆಗಿಂತ ಓಡಿದ ಸಂಖ್ಯೆಗೆ ಬೆಲೆ ಕೊಡುತ್ತೇನೆ. ಹತ್ತು ವರ್ಷದವರೆಗೂ ಓಡಿ ಮೂರೇ ಗೆದ್ದ ಅಣ್ಣನಿದ್ದರೆ, ಎರಡೇ ಸಲ ಓಡಿ ಒಂದು ಗೆದ್ದು ಕಾಣೆಯಾದ ಅಕ್ಕನಿಗಿಂತ ಅದು ಒಳ್ಳೆಯ ಸುದ್ದಿ.

ತಂದೆಯ ವಿಷಯದಲ್ಲಿ ಜಿಗಿತದ ಲೋಕಕ್ಕೆ ಅದರದ್ದೇ ಒಂದು ತೊಡಕಿದೆ. ಗಂಡು ಕುದುರೆಯನ್ನು ತಳಿಗೆ ಬಿಟ್ಟ ಮೇಲೆ ಮೊದಲ ಮರಿಗಳು ದೊಡ್ಡ ಬೇಲಿ ಹಾರುವುದಕ್ಕೆ ಏಳೆಂಟು ವರ್ಷ ಬೇಕು. ತಂದೆ ಒಳ್ಳೆಯದು ಅಂತ ಗೊತ್ತಾಗುವಾಗ ಅದಕ್ಕೆ ವಯಸ್ಸಾಗಿರುತ್ತದೆ, ಕೆಲವೊಮ್ಮೆ ಸತ್ತೇ ಹೋಗಿರುತ್ತದೆ. ವಾಕ್ ಇನ್ ದಿ ಪಾರ್ಕ್ ಬೇಲಿಯಿಲ್ಲದ ಓಟವಾದ 2005ರ ಎಪ್ಸಮ್ ಡರ್ಬಿಯಲ್ಲಿ ಎರಡನೆಯದಾಗಿ ಬಂದ ಕುದುರೆ. ಫ್ರಾನ್ಸ್‌ನಲ್ಲಿ ಹೆಚ್ಚು ಸದ್ದಿಲ್ಲದೆ ಇತ್ತು. ಅದರ ಮಕ್ಕಳಾದ ಡುವಾನ್, ಮಿನ್ ಹೆಸರು ಮಾಡಿದ ಮೇಲೆ ಅದರ ಬೇಡಿಕೆ ಏರಿ, ಐರ್ಲೆಂಡಿಗೆ ಬಂತು. ಕಾನ್‌ಸ್ಟಿಟ್ಯೂಷನ್ ಹಿಲ್ 2023ರ ಚಾಂಪಿಯನ್ ಹರ್ಡಲ್ ಗೆದ್ದಾಗ ಅದರ ತಂದೆ ಬ್ಲೂ ಬ್ರೆಸಿಲ್‌ನ ಮರಿಗಳನ್ನು ಎಲ್ಲರೂ ಹುಡುಕತೊಡಗಿದರು. ಈ ವರ್ಷದ ಫ್ಯಾಷನ್ ಹಿಂದೆ ಓಡಿದರೆ ಬೆಲೆ ಕೊಡಲೇಬೇಕು. ಬಜೆಟ್ ಚಿಕ್ಕದಾಗಿದ್ದರೆ, ತಾಯಿ ಕಡೆ ಗಟ್ಟಿ ಇರುವ, ತಂದೆಗೆ ಇನ್ನೂ ಹೆಸರು ಬರದ ಕುದುರೆಯೇ ಸರಿ.

ಹುಟ್ಟಿದ ತಾರೀಕೂ ನೋಡಿ. ರೇಸಿಂಗ್ ಲೆಕ್ಕದಲ್ಲಿ ಎಲ್ಲ ಕುದುರೆಗೂ ಜನವರಿ 1ಕ್ಕೇ ಒಂದು ವರ್ಷ ಏರುತ್ತದೆ. ಜನವರಿಯಲ್ಲಿ ಹುಟ್ಟಿದ್ದೂ ಮೇ ಕೊನೆಯಲ್ಲಿ ಹುಟ್ಟಿದ್ದೂ ಜೂನ್ ಹರಾಜಿನಲ್ಲಿ ‘ಮೂರು ವರ್ಷ’ ಅಂತಲೇ ಅಕ್ಕಪಕ್ಕ ನಿಲ್ಲುತ್ತವೆ. ತಡವಾಗಿ ಹುಟ್ಟಿದ್ದು ಚಿಕ್ಕದಾಗಿ, ಸೊರಗಿದ ಹಾಗೆ ಕಾಣಬಹುದು. ಎರಡು ವರ್ಷಕ್ಕೇ ಓಡಿಸುವ ಲೋಕದಲ್ಲಿ ಅದು ನಷ್ಟ, ಇಲ್ಲಿ ಅಲ್ಲ. ಕಾಯುವವರಿಗೆ ಅದು ಕಡಿಮೆ ಬೆಲೆಗೆ ಸಿಕ್ಕ ಅವಕಾಶ.

4. ಲಾಯದ ಮುಂದೆ ನಿಂತು ಕುದುರೆ ನೋಡುವುದು

ಹರಾಜಿಗೆ ಒಂದೆರಡು ದಿನ ಮುಂಚೆಯೇ ಕುದುರೆಗಳು ಬಂದಿರುತ್ತವೆ. ಆಗಲೇ ಹೋಗಿ. ಪಟ್ಟಿಯಲ್ಲಿ ಗುರುತು ಮಾಡಿದ ಲಾಟ್ ನಂಬರ್ ಹೇಳಿದರೆ ಮಾರುವವರು ಹೊರಗೆ ತಂದು ತೋರಿಸುತ್ತಾರೆ. ಕೇಳಲು ಸಂಕೋಚ ಬೇಡ. ತೋರಿಸುವುದೇ ಅವರ ಆ ದಿನದ ಕೆಲಸ.

ಮೊದಲು ಸುಮ್ನೆ ದೂರ ನಿಂತು ಪೂರ್ತಿ ಕುದುರೆಯನ್ನು ನೋಡಿ. ಕತ್ತು, ಭುಜ, ಬೆನ್ನು, ಹಿಂಭಾಗ ಒಂದಕ್ಕೊಂದು ಹೊಂದಿವೆಯಾ? ಭುಜ ನೆಟ್ಟಗೆ ಗೋಡೆಯ ಹಾಗಿರದೆ ಹಿಂದಕ್ಕೆ ಇಳಿಜಾರಾಗಿದೆಯಾ? ಎದೆಗೂಡು ಆಳವಿದೆಯಾ? ಹಿಂಭಾಗದಲ್ಲಿ ಬಲ ಕಾಣುತ್ತದೆಯಾ? ಬೇಲಿ ಹಾರುವ ಬಲ ಅಲ್ಲಿಂದಲೇ ಬರುವುದು. ಹದಿನಾರು ಹ್ಯಾಂಡ್‌ಗಿಂತ ಸ್ವಲ್ಪ ಮೇಲಿನ ಎತ್ತರ ಸಾಕು. ಒಂದು ಹ್ಯಾಂಡ್ ಅಂದರೆ ನಾಲ್ಕು ಇಂಚು. ಎತ್ತರವೇ ಮುಖ್ಯ ಅಂತ ಬಹಳ ಜನ ನಂಬುತ್ತಾರೆ. 2018 ಮತ್ತು 2019ರಲ್ಲಿ ಗ್ರ್ಯಾಂಡ್ ನ್ಯಾಷನಲ್ ಗೆದ್ದ ಟೈಗರ್ ರೋಲ್ ಚಿಕ್ಕ ಕುದುರೆ. ಒಮ್ಮೆಯೂ ಓಡದ ಮೂರು ವರ್ಷದ್ದಾಗಿದ್ದಾಗ, 2013ರಲ್ಲಿ ಡಾಂಕಾಸ್ಟರ್‌ನಲ್ಲಿ ಅದು ಹೋಗಿದ್ದು 10,000 ಪೌಂಡ್‌ಗೆ.

ಆಮೇಲೆ ಕಾಲು. ಇಲ್ಲಿ ಅವಸರ ಮಾಡಬೇಡಿ. ಬೇಲಿ ಹಾರಿ ಇಳಿಯುವಾಗ ಸುಮಾರು ಅರ್ಧ ಟನ್ ತೂಕ, ಅದರ ಮೇಲೆ ಜಾಕಿ, ಎಲ್ಲ ಸೇರಿ ಒಂದು ಕ್ಷಣ ಮುಂಗಾಲಿನ ಮೇಲೆ ಬೀಳುತ್ತದೆ. ಪಕ್ಕದಿಂದ ನೋಡಿದಾಗ ಮುಂಗಾಲಿನ ಮಂಡಿ ಹಿಂದಕ್ಕೆ ಬಾಗಿದ ಹಾಗೆ ಕಂಡರೆ ನಾನು ಅದನ್ನು ಬಿಟ್ಟು ಮುಂದಿನ ಕುದುರೆಗೆ ಹೋಗುತ್ತೇನೆ, ವಂಶ ಎಂಥದ್ದೇ ಇರಲಿ. ಇಳಿದಾಗಲೆಲ್ಲ ಮಂಡಿಯ ಮೇಲೂ ಕಾಲಿನ ಹಿಂದಿರುವ ಟೆಂಡನ್ (ಸ್ನಾಯುವನ್ನು ಎಲುಬಿಗೆ ಕಟ್ಟುವ ಗಟ್ಟಿ ನರ) ಮೇಲೂ ಒತ್ತಡ ಬಿದ್ದು ಒಂದು ದಿನ ಕೈಕೊಡುತ್ತದೆ. ಮಂಡಿ ಸ್ವಲ್ಪ ಮುಂದಕ್ಕೆ ಬಾಗಿದ್ದರೆ ಅಷ್ಟು ಚಿಂತೆಯಿಲ್ಲ. ಮಂಡಿಯ ಕೆಳಗಿನ ಎಲುಬು ದಪ್ಪವಾಗಿ, ಚಪ್ಪಟೆಯಾಗಿ ಇರಬೇಕು. ಕೈ ಹಾಕಿ ಟೆಂಡನ್ ಮುಟ್ಟಿ ನೋಡಿದರೆ ಬಿಗಿದ ಹಗ್ಗದ ಹಾಗೆ ತಣ್ಣಗೆ, ನಯವಾಗಿ ಸಿಗಬೇಕು. ಬಿಸಿ, ಊತ, ಗಂಟು ಸಿಕ್ಕಿದರೆ ಯಾಕೆ ಅಂತ ಕೇಳಿ.

ಮುಂದಿನ ಎರಡು ಗೊರಸು ಒಂದಕ್ಕೊಂದು, ಹಿಂದಿನ ಎರಡು ಒಂದಕ್ಕೊಂದು ಅಳತೆಯಲ್ಲಿ ಹೊಂದುತ್ತವೆಯಾ? ಮುಂದಿನ ಎರಡರಲ್ಲಿ ಒಂದು ಚಿಕ್ಕದು, ಒಂದು ದೊಡ್ಡದು ಇದ್ದರೆ, ಚಿಕ್ಕ ಗೊರಸಿನ ಕಾಲಿಗೆ ಎಂದೋ ನೋವಾಗಿ ಅದರ ಮೇಲೆ ಭಾರ ಹಾಕದೆ ಬೆಳೆದಿರಬಹುದು. ಪಾದ ತುಸು ಒಳಕ್ಕೋ ಹೊರಕ್ಕೋ ತಿರುಗಿದ್ದರೆ ಕ್ಷಮಿಸಬಹುದು, ನಡೆಯುವಾಗ ಒಂದು ಕಾಲು ಇನ್ನೊಂದಕ್ಕೆ ತಾಗದಿದ್ದರೆ ಸರಿ.

ಈಗ ನಡಿಗೆ. ಇಷ್ಟೂ ಹೊತ್ತು ನೋಡಿದ್ದಕ್ಕಿಂತ ಇದು ಮುಖ್ಯ. ನಿಮ್ಮಿಂದ ದೂರ ನಡೆಸಲು ಹೇಳಿ, ವಾಪಸ್ ನಿಮ್ಮ ಕಡೆಗೇ ನಡೆಸಲು ಹೇಳಿ, ಆಮೇಲೆ ಪಕ್ಕಕ್ಕೆ ಬಂದು ಅಡ್ಡಲಾಗಿ ನಡೆಯುವುದನ್ನು ನೋಡಿ. ಪಕ್ಕದಿಂದ ನೋಡುವಾಗ ಕಣ್ಣನ್ನು ನೆಲದ ಮೇಲೆ ಇಡಿ. ಮುಂಗಾಲು ಬಿಟ್ಟ ಗುರುತನ್ನು ಹಿಂಗಾಲಿನ ಗೊರಸು ದಾಟಿ ಮುಂದೆ ಬೀಳಬೇಕು. ಎಷ್ಟು ದಾಟುತ್ತದೋ ಅಷ್ಟು ಒಳ್ಳೆಯ ನಡಿಗೆ. ತಲೆ ತಗ್ಗಿಸಿ, ಸೊಂಟ ಸಡಿಲ ಬಿಟ್ಟು, ಎಲ್ಲಿಗೋ ಹೋಗಬೇಕು ಅನ್ನುವ ಹಾಗೆ ನಡೆಯುವ ಕುದುರೆ ಕಂಡರೆ ಗುರುತು ಹಾಕಿಕೊಳ್ಳಿ. ಚೆನ್ನಾಗಿ ನಡೆಯುವುದೆಲ್ಲ ಚೆನ್ನಾಗಿ ಓಡುತ್ತೆ ಅಂತೇನಿಲ್ಲ. ಆದರೆ ಪಳಗದ ಕುದುರೆಯ ಓಟವನ್ನು ನೋಡುವ ದಾರಿ ಇಲ್ಲದಿರುವಾಗ ನಡಿಗೆಯೇ ನಮಗೆ ಸಿಗುವ ದೊಡ್ಡ ಸಾಕ್ಷಿ.

ಕೊನೆಗೆ ಮುಖ ನೋಡಿ. ದೊಡ್ಡ ಕಣ್ಣು, ಓಡಾಡುವ ಕಿವಿ, ಜನ ಗದ್ದಲದ ಮಧ್ಯೆ ನಿಂತರೂ ಹೌಹಾರದ ಸ್ವಭಾವ. ಅದೇ ಕುದುರೆಯನ್ನು ಸಂಜೆ ಇನ್ನೊಮ್ಮೆ ನೋಡಿ. ಬೆಳಗಿನಿಂದ ಎಷ್ಟೋ ಸಲ ಹೊರಗೆ ಬಂದು ಹೋಗಿ ದಣಿದಿರುತ್ತದೆ. ಆಗಲೂ ಅದೇ ಹೆಜ್ಜೆ ಹಾಕಿದರೆ, ಆಗಲೂ ಸಮಾಧಾನವಾಗಿ ನಿಂತರೆ, ಅದರ ಮನಸ್ಸು ಗಟ್ಟಿ. ನನ್ನ ಪಟ್ಟಿಯಿಂದ ಅರ್ಧಕ್ಕರ್ಧ ಹೆಸರು ಹೊಡೆದುಹೋಗುವುದು ಈ ಸಂಜೆಯ ಸುತ್ತಿನಲ್ಲೇ.

5. ಡಾಕ್ಟರ ಕಣ್ಣು, ಮತ್ತು ಉಸಿರು

ಮೂರೋ ನಾಲ್ಕೋ ಕುದುರೆ ಉಳಿದ ಮೇಲೆ ಪಶುವೈದ್ಯರನ್ನು ಕರೆಯಿರಿ. ಹರಾಜು ಅಂಗಳದಲ್ಲೇ ಕುದುರೆಗಳಲ್ಲಿ ಪಳಗಿದ ವೈದ್ಯರು ಸಿಗುತ್ತಾರೆ. ಮಾರುವವರ ವೈದ್ಯರು ಬೇಡ, ನಿಮ್ಮವರೇ ಇರಲಿ. ಎದೆಬಡಿತ, ಕಣ್ಣು, ಕಾಲು ನೋಡುತ್ತಾರೆ. ಎಕ್ಸ್-ರೇ ತೆಗೆಸಿಟ್ಟಿದ್ದಾರಾ ಅಂತ ಮಾರುವವರನ್ನು ಕೇಳಿ, ಇದ್ದರೆ ನಿಮ್ಮ ವೈದ್ಯರಿಗೆ ತೋರಿಸಿ.

ಜಿಗಿತದ ಕುದುರೆಯಲ್ಲಿ ಉಸಿರಿನ ಪರೀಕ್ಷೆ ತುಂಬಾ ಮುಖ್ಯ. ಗಂಟಲಿನಲ್ಲಿ ಗಾಳಿ ಹೋಗುವ ಬಾಗಿಲಿನ ಎಡಭಾಗ ಪೂರ್ತಿ ತೆರೆಯದ ತೊಂದರೆ ಕುದುರೆಗಳಲ್ಲಿ ಸಾಮಾನ್ಯ, ದೊಡ್ಡ ಗಾತ್ರದವುಗಳಲ್ಲಿ ಇನ್ನೂ ಜಾಸ್ತಿ. ಜೋರಾಗಿ ಓಡುವಾಗ ಗೊರಗೊರ ಸದ್ದು ಬರುತ್ತದೆ, ಮೂರು ಮೈಲಿ ಓಡಲು ಗಾಳಿ ಸಾಲುವುದಿಲ್ಲ. ಮೂಗಿನೊಳಗೆ ಚಿಕ್ಕ ಕ್ಯಾಮೆರಾ ಬಿಟ್ಟು ವೈದ್ಯರು ಇದನ್ನು ನೋಡುತ್ತಾರೆ. ಪಳಗದ ಸ್ಟೋರ್ ಆದರೆ ಉದ್ದ ಹಗ್ಗದಲ್ಲಿ ದುಂಡಗೆ ಓಡಿಸಿ ಸದ್ದು ಕೇಳುವುದೂ ಇದೆ. ಆಪರೇಷನ್ ಮಾಡಿಸಬಹುದು, ಬಹಳಷ್ಟು ಕುದುರೆಗಳಿಗೆ ಮಾಡಿಸುತ್ತಾರೆ ಕೂಡ. ಬ್ರಿಟನ್‌ನಲ್ಲಿ 2018ರಿಂದ ಇಂಥ ಆಪರೇಷನ್ ಆದ ಮೇಲಿನ ಮೊದಲ ಓಟದಲ್ಲಿ ಅದನ್ನು ಎಲ್ಲರಿಗೂ ತಿಳಿಸಲೇಬೇಕು. ಆದರೆ ಗೊತ್ತಿದ್ದೂ ಇಂಥ ಕುದುರೆಯನ್ನು ಪೂರ್ತಿ ಬೆಲೆಗೆ ಯಾಕೆ ಕೊಳ್ಳಬೇಕು, ಅಲ್ವಾ?

ಬಾಗಿಲ ಅಂಚು ಕಚ್ಚಿ ಗಾಳಿ ನುಂಗುವುದು, ತಲೆಯನ್ನು ಅತ್ತಿತ್ತ ತೂಗುತ್ತಲೇ ಇರುವುದು, ಲಾಯದೊಳಗೆ ಬಿಡದೆ ಸುತ್ತು ಹಾಕುವುದು, ಇವು ಮೂರು ಕೆಟ್ಟ ಚಟಗಳು. ಇದ್ದರೆ ಮಾರುವವರು ಮೊದಲೇ ಹೇಳಬೇಕು ಅಂತ ಹರಾಜಿನ ಷರತ್ತುಗಳಲ್ಲಿದೆ. ಆ ಷರತ್ತುಗಳ ಪುಟವನ್ನು ಕ್ಯಾಟಲಾಗ್‌ನಲ್ಲಿ ಯಾರೂ ಓದುವುದಿಲ್ಲ. ನೀವು ಓದಿ. ಯಾವ ದೋಷಕ್ಕೆ ಕುದುರೆ ವಾಪಸ್ ಕೊಡಬಹುದು, ಎಷ್ಟು ಸಮಯದೊಳಗೆ, ಅಂಗಳ ಬಿಟ್ಟು ಹೋಗುವ ಮುಂಚೆಯಾ ಆಮೇಲೆಯಾ ಅನ್ನುವುದೆಲ್ಲ ಅಲ್ಲೇ ಇರುತ್ತದೆ.

6. ರಿಂಗಿನಲ್ಲಿ

ನಮ್ಮ ದನದ ಜಾತ್ರೆಗಳಲ್ಲಿ ಟವೆಲ್ ಕೆಳಗೆ ಬೆರಳು ಹಿಡಿದು ಬೆಲೆ ಕುದುರಿಸುವ ಹಾಗೆ ಇಲ್ಲಿ ಗುಟ್ಟಿಲ್ಲ. ಎಲ್ಲ ಬಹಿರಂಗ, ಆದರೆ ಭಾರಿ ವೇಗ. ಒಂದು ಕುದುರೆ ರಿಂಗಿನೊಳಗೆ, ಅಂದರೆ ಹರಾಜು ಕೂಗುವ ಅಂಗಳದೊಳಗೆ ಇರುವುದು ಎರಡು ಮೂರು ನಿಮಿಷ ಅಷ್ಟೇ. ಹೊಸಬರಾಗಿದ್ದರೆ ಹಿಂದಿನ ದಿನವೇ ಹರಾಜು ಸಂಸ್ಥೆಯ ಕಚೇರಿಯಲ್ಲಿ ಖಾತೆ ತೆರೆದು, ಗುರುತಿನ ದಾಖಲೆ, ಬ್ಯಾಂಕ್ ವಿವರ ಕೊಟ್ಟಿರಿ. ಆನ್‌ಲೈನ್‌ನಲ್ಲಿ ಕೂಗಲು ಬೇರೆ ಅನುಮತಿ ತೆಗೆದುಕೊಳ್ಳಬೇಕು. ಆದರೆ ಕಣ್ಣಾರೆ ನೋಡದ ಸ್ಟೋರ್ ಕುದುರೆಗೆ ಪರದೆ ಮುಂದೆ ಕೂತು ಕೂಗುವುದನ್ನು ನಾನು ಒಪ್ಪುವುದಿಲ್ಲ.

ನಿಮ್ಮ ಮಿತಿಯನ್ನು ಕ್ಯಾಟಲಾಗ್ ಪುಟದ ಮೂಲೆಯಲ್ಲಿ ಪೆನ್ನಿನಲ್ಲಿ ಬರೆದುಕೊಳ್ಳಿ. ಅದರಲ್ಲಿ ವ್ಯಾಟ್ ತೆರಿಗೆ ಸೇರಿದೆಯಾ ಅಂತ ಖಚಿತ ಮಾಡಿಕೊಳ್ಳಿ. ಬ್ರಿಟನ್‌ನಲ್ಲಿ ಅದು 20 ಪ್ರತಿಶತ, ಸಣ್ಣ ಮೊತ್ತವಲ್ಲ. ಒಂದು ದೇಶದಲ್ಲಿ ಕೊಂಡು ಇನ್ನೊಂದಕ್ಕೆ ಒಯ್ಯುವುದಾದರೆ ಬ್ರೆಕ್ಸಿಟ್ ನಂತರ ಆಮದಿನ ಕಾಗದಪತ್ರ ಬೇರೆ. ಫೇರಿಹೌಸ್, ಕಿಲ್‌ನಲ್ಲಿ ಕೂಗುವುದು ಯೂರೋದಲ್ಲಿ, ಡಾಂಕಾಸ್ಟರ್‌ನಲ್ಲಿ ಪೌಂಡ್‌ನಲ್ಲಿ.

ಹಳೆಯ ಬೆಲೆಗಳನ್ನು ಓದುವಾಗ ‘ಗಿನಿ’ ಅಂತ ಬರುತ್ತದೆ. ಒಂದು ಗಿನಿ ಅಂದರೆ ಒಂದು ಪೌಂಡ್ ಒಂದು ಶಿಲಿಂಗ್, ಈಗಿನ ಲೆಕ್ಕದಲ್ಲಿ 1.05 ಪೌಂಡ್. ಮೂರು ಸಲ ಚೆಲ್ಟನ್‌ಹ್ಯಾಮ್ ಗೋಲ್ಡ್ ಕಪ್ ಗೆದ್ದ ಆರ್ಕಲ್ 1960ರಲ್ಲಿ, ಮೂರು ವರ್ಷದ್ದಾಗಿದ್ದಾಗ, ಗಾಫ್ಸ್ ಹರಾಜಿನಲ್ಲಿ 1,150 ಗಿನಿಗೆ ಮಾರಾಟವಾಗಿತ್ತು. ಅದೂ ಒಂದು ಸ್ಟೋರ್ ಕುದುರೆಯೇ.

ಕುದುರೆ ರಿಂಗಿಗೆ ಬರುವ ಮುಂಚೆ ಹೊರಗಿನ ಪರೇಡ್ ಜಾಗದಲ್ಲಿ ಸುತ್ತುತ್ತಿರುತ್ತದೆ. ಕೊನೆಯ ಸಲ ಅಲ್ಲಿ ನೋಡಿ, ಆಮೇಲೆ ಒಳಗೆ ಬಂದು ಹರಾಜು ಕೂಗುವವರ ಕಣ್ಣಿಗೆ ಬೀಳುವ ಜಾಗದಲ್ಲಿ ನಿಲ್ಲಿ. ಅವರು ಮೊದಲು ದೊಡ್ಡ ಮೊತ್ತ ಕೇಳುತ್ತಾರೆ, ಯಾರೂ ಮಾತಾಡುವುದಿಲ್ಲ, ಬೆಲೆ ಇಳಿಸುತ್ತಾ ಬರುತ್ತಾರೆ, ಎಲ್ಲೋ ಒಂದು ಕಡೆ ಯಾರೋ ತಲೆಯಾಡಿಸುತ್ತಾರೆ. ಅಲ್ಲಿಂದ ಮೇಲಕ್ಕೆ. ಈ ಹೊತ್ತಿನಲ್ಲಿ ಹರಾಜು ಕೂಗುವವರ ಧ್ವನಿ ಗಮನಿಸಿ. ಕುದುರೆಗೆ ಮಾರುವವರು ಇಟ್ಟ ಕನಿಷ್ಠ ಬೆಲೆ ಇರುತ್ತದೆ, ಅದನ್ನು ಮುಟ್ಟಿದ ಮೇಲೆ ಅನೇಕರು ಇದು ಈಗ ಮಾರಾಟಕ್ಕಿದೆ ಅಂತ ಹೇಳಿಬಿಡುತ್ತಾರೆ. ಅಲ್ಲಿಂದಾಚೆ ನಿಜವಾದ ಆಟ. ನಿಮ್ಮ ಮಿತಿ ಬಂದಾಗ ತಲೆ ಅಲ್ಲಾಡಿಸಿ ‘ಇಲ್ಲ’ ಅನ್ನಿ, ಬೆನ್ನು ತಿರುಗಿಸಿ. ಇನ್ನೊಂದೇ ಒಂದು ಕೂಗು ಅಂತ ಅವರು ಆಸೆಯಿಂದ ನೋಡುತ್ತಾರೆ. ಅವರ ಕೆಲಸ ಅದು.

ದಲ್ಲಾಳಿಯ ಮೂಲಕ ಕೊಳ್ಳುವುದೂ ರೂಢಿ. ಬೆಲೆಯ ಸುಮಾರು 5 ಪ್ರತಿಶತ ಅವರ ಕಮಿಷನ್. ಒಳ್ಳೆಯ ದಲ್ಲಾಳಿ ಆ ದುಡ್ಡನ್ನು ಮೀರಿ ಉಳಿಸಿಕೊಡುತ್ತಾರೆ, ಇದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಮೊದಲೇ ಒಂದು ಪ್ರಶ್ನೆ ಕೇಳಿ, ಉತ್ತರವನ್ನು ಬರೆಸಿಕೊಳ್ಳಿ: ಈ ಕುದುರೆಯಲ್ಲಿ ನಿಮಗೆ ಪಾಲು ಇದೆಯಾ, ಮಾರುವವರಿಂದಲೂ ನೀವು ಏನಾದರೂ ತೆಗೆದುಕೊಳ್ಳುತ್ತೀರಾ?

7. ಸುತ್ತಿಗೆ ಬಿದ್ದ ಮೇಲೆ

ಸುತ್ತಿಗೆ ಬಿದ್ದ ಕ್ಷಣದಿಂದ ಕುದುರೆಯ ಹೊಣೆ ನಿಮ್ಮದು. ಲಾಯಕ್ಕೆ ವಾಪಸ್ ಹೋಗುವ ದಾರಿಯಲ್ಲೇ ಕಾಲು ಮುರಿದುಕೊಂಡರೂ ನಷ್ಟ ನಿಮ್ಮದೇ. ಹಾಗಾಗಿ ವಿಮೆ ಮಾಡಿಸುವವರ ಜೊತೆ ಮೊದಲೇ ಮಾತಾಡಿ, ಸುತ್ತಿಗೆಯಿಂದಲೇ ಜಾರಿಗೆ ಬರುವ ಹಾಗೆ ಮಾಡಿಕೊಳ್ಳಿ. ಕೊಂಡಿದ್ದಕ್ಕೆ ಕೂಡಲೇ ಬರುವ ಖರೀದಿ ಚೀಟಿಗೆ ಸಹಿ ಹಾಕಿ. ಉಸಿರಿನ ಪರೀಕ್ಷೆ, ರಕ್ತದ ಮಾದರಿ ಬೇಕಿದ್ದರೆ ಕುದುರೆ ಅಂಗಳ ಬಿಡುವ ಮುಂಚೆ ಕೇಳಿ. ಕುದುರೆಯ ಗುರುತಿನ ಪುಸ್ತಕವಾದ ಪಾಸ್‌ಪೋರ್ಟ್‌ನಲ್ಲಿರುವ ಚಿಪ್ ನಂಬರ್ ಅದರ ಮೈಯೊಳಗಿನ ಚಿಪ್‌ಗೆ ಹೊಂದುತ್ತದೆಯಾ ಅಂತ ನೋಡಿ.

ಮನೆಗೆ ಬಂದ ಕುದುರೆಗೆ ಒಂದೆರಡು ವಾರ ಏನೂ ಮಾಡಬೇಡಿ. ಹರಾಜಿಗಾಗಿ ತಿಂಗಳುಗಟ್ಟಲೆ ತಿನ್ನಿಸಿ, ಉಜ್ಜಿ, ನಡೆಸಿ ಅದಕ್ಕೆ ಸಾಕಾಗಿರುತ್ತದೆ. ಹುಲ್ಲಿಗೆ ಬಿಡಿ. ಆಮೇಲೆ ಪಳಗಿಸುವವರ ಹತ್ತಿರ ಕಳಿಸಿ. ಆ ಕುದುರೆಯ ಜೀವನದಲ್ಲಿ ಇದೇ ಅತಿ ಮುಖ್ಯವಾದ ಕಾಲ, ಇಲ್ಲಿ ದುಡ್ಡು ಉಳಿಸಲು ಹೋಗಬೇಡಿ. ಹೆದರಿಸಿ ಪಳಗಿಸಿದ ಕುದುರೆ ಬೇಲಿ ಕಂಡಾಗಲೂ ಹೆದರುತ್ತದೆ.

ಇದೇ ಹೊತ್ತಿಗೆ ಇನ್ನೊಂದನ್ನೂ ಯೋಚಿಸಿ. ಜಿಗಿತದ ರೇಸಿನಲ್ಲಿ ಬೀಳುವುದು, ಗಾಯ, ಸಾವು ಇವೆ. ಬದುಕಿ ನಿವೃತ್ತವಾದ ಕುದುರೆಗೆ ಇನ್ನೂ ಹದಿನೈದು ವರ್ಷ ಆಯುಷ್ಯ ಇರಬಹುದು. ಬ್ರಿಟನ್‌ನಲ್ಲಿ 2000ದಿಂದ ರಿಟ್ರೇನಿಂಗ್ ಆಫ್ ರೇಸ್‌ಹಾರ್ಸಸ್ ಎಂಬ ಸಂಸ್ಥೆ ಓಟ ಬಿಟ್ಟ ಕುದುರೆಗಳಿಗೆ ಬೇರೆ ಕೆಲಸ ಕಲಿಸಲು ನೆರವಾಗುತ್ತಿದೆ. ಹಾಗಿದ್ದರೂ ಮೊದಲ ಹೊಣೆ ಮಾಲೀಕರದು. ಪಾಲುದಾರರ ಒಪ್ಪಂದದಲ್ಲಿ ನಿವೃತ್ತಿಯ ಖರ್ಚಿಗೆ ಅಂತ ಒಂದು ಸಾಲು ಸೇರಿಸಿ. ಇದನ್ನು ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ.

8. ಮಾರುವವರ ಕಡೆಯಿಂದ

ಬೇಸಿಗೆಯ ಹರಾಜಿಗೆ ಹೆಸರು ಕೊಡುವ ಕೆಲಸ ಎಷ್ಟೋ ತಿಂಗಳು ಮುಂಚೆಯೇ ಶುರುವಾಗುತ್ತದೆ. ಸಂಸ್ಥೆಯವರು ಹೊಲಕ್ಕೇ ಬಂದು ಕುದುರೆ ನೋಡಿ, ಯಾವ ಹರಾಜಿಗೆ ಸರಿ ಅಂತ ಹೇಳುತ್ತಾರೆ. ದೊಡ್ಡ ಹರಾಜಿನಲ್ಲಿ ಕೊನೆಯ ಸಾಲಿನ ಕುದುರೆಯಾಗುವುದಕ್ಕಿಂತ ಚಿಕ್ಕ ಹರಾಜಿನಲ್ಲಿ ಮುಂದಿನ ಸಾಲಿನದಾಗುವುದು ವಾಸಿ. ಕೆಲವು ಹರಾಜುಗಳಿಗೆ ಅವುಗಳದ್ದೇ ಬಂಪರ್ ರೇಸ್ ಇದೆ. ಆ ಹರಾಜಿಗೆ ಬಂದ ಕುದುರೆಗಳು ಮಾತ್ರ ಅದರಲ್ಲಿ ಓಡಬಹುದು, ಬಹುಮಾನವೂ ದೊಡ್ಡದು. ಕೊಳ್ಳುವವರನ್ನು ಇದು ಸೆಳೆಯುತ್ತದೆ.

ತಯಾರಿಗೆ ಹತ್ತು, ಹನ್ನೆರಡು ವಾರ ಬೇಕು. ಜಂತು ಔಷಧ, ಹಲ್ಲು, ಗೊರಸು ಕೆತ್ತಿಸುವುದು ಮೊದಲು. ಆಮೇಲೆ ದಿನಾ ಕೈಯಲ್ಲಿ ಹಿಡಿದು ನಡೆಸುವುದು, ಮೈ ಉಜ್ಜುವುದು, ಮೇವು ನಿಧಾನಕ್ಕೆ ಏರಿಸುವುದು. ಹೊಳೆಯಲಿ ಅಂತ ಕೊಬ್ಬಿಸಬೇಡಿ. ಬೆಳೆಯುವ ಕೀಲುಗಳ ಮೇಲೆ ಭಾರ ಬೀಳುತ್ತದೆ, ಅನುಭವಿ ಕೊಳ್ಳುವವರು ಕೊಬ್ಬಿನ ಕೆಳಗೆ ಏನಿದೆ ಅಂತ ನೋಡಿಯೇ ನೋಡುತ್ತಾರೆ. ನಿಲ್ಲುವುದನ್ನೂ ಕಲಿಸಿ. ಪಕ್ಕದಲ್ಲಿ ನಿಂತವರಿಗೆ ನಾಲ್ಕು ಕಾಲೂ ಕಾಣುವ ಹಾಗೆ, ಅಲುಗಾಡದೆ, ಒಂದು ನಿಮಿಷ. ಅಪರಿಚಿತರು ಕಾಲು ಮುಟ್ಟಿದರೆ ಒದೆಯದಿರುವುದನ್ನೂ ಕಲಿಸಿ. ಸವಾರರಿಲ್ಲದೆ ಚಿಕ್ಕ ಬೇಲಿ ಹಾರುವ ವಿಡಿಯೋ ಇದ್ದರೆ ಈಗ ಒಳ್ಳೆಯ ಉಪಯೋಗ.

ತೋರಿಸುವ ದಿನ ಯಾರು ಬಂದರೂ ಒಂದೇ ಮುಖದಲ್ಲಿ ತೋರಿಸಿ. ಹಳೆಯ ಜಾಕೆಟ್ ಹಾಕಿಕೊಂಡು ಬಂದವರೇ ದೊಡ್ಡ ಟ್ರೇನರ್ ಇರಬಹುದು. ಯಾರು ಎರಡನೇ ಸಲ ಬಂದರು, ಯಾರು ವೈದ್ಯರನ್ನು ಕರೆತಂದರು ಅಂತ ಬರೆದಿಟ್ಟುಕೊಳ್ಳಿ. ನಿಮ್ಮ ಕನಿಷ್ಠ ಬೆಲೆ ಇಡಬೇಕಾದ್ದು ಆ ಪಟ್ಟಿಯನ್ನು ನೋಡಿ, ನೀವು ಮಾಡಿದ ಖರ್ಚನ್ನು ನೋಡಿ ಅಲ್ಲ. ಹೊಲ, ಮೇವು, ಮೂರು ವರ್ಷದ ಶ್ರಮ ಎಲ್ಲ ಸೇರಿಸಿ ಬೆಲೆ ಹೇಳಿದರೆ ರಿಂಗಿನಲ್ಲಿ ಅದಕ್ಕೆ ಯಾರೂ ಉತ್ತರ ಕೊಡುವುದಿಲ್ಲ. ಎರಡನೇ ಸಲ ಯಾರೂ ಬರಲಿಲ್ಲ ಅಂದರೆ ಬೆಲೆ ಇಳಿಸಿ. ಐದಾರು ಜನ ಬಂದು ಡಾಕ್ಟರೂ ನೋಡಿದ್ದಾರೆ ಅಂದರೆ ಕನಿಷ್ಠ ಬೆಲೆ ಕಡಿಮೆಯೇ ಇರಲಿ. ಪೈಪೋಟಿ ಅದನ್ನು ಎತ್ತಿಕೊಂಡು ಹೋಗುತ್ತದೆ.

ದೋಷ ಇದ್ದರೆ ಮುಚ್ಚಿಡಬೇಡಿ. ಐರ್ಲೆಂಡ್ ಚಿಕ್ಕ ದೇಶ, ಮುಂದಿನ ಜೂನ್‌ನಲ್ಲಿ ಇದೇ ಜನರೇ ಮತ್ತೆ ನಿಮ್ಮ ಲಾಯದ ಮುಂದೆ ನಿಲ್ಲುವವರು. ಮಾರಾಟ ಆದ ಮೇಲೆ ಕೊಂಡವರ ಕೈಗೆ ಸ್ವಲ್ಪ ದುಡ್ಡು ವಾಪಸ್ ಕೊಡುವ ಹಳೆಯ ಪದ್ಧತಿ ಅಲ್ಲಿದೆ. ಅದೃಷ್ಟದ ದುಡ್ಡು ಅನ್ನುತ್ತಾರೆ. ಎಷ್ಟು ಅಂತ ಕಟ್ಟುಪಾಡಿಲ್ಲ, ಬೆಲೆಗೆ ತಕ್ಕ ಹಾಗೆ, ಕೈಕುಲುಕುತ್ತ ಕೊಡುವುದು. ಕೊಟ್ಟವರನ್ನು ಜನ ನೆನಪಿಡುತ್ತಾರೆ.

ಮಾರಾಟವಾಗದೆ ವಾಪಸ್ ಬಂದರೆ ಗಾಬರಿ ಬೇಡ. ರಿಂಗಿನಿಂದ ಹೊರಗೆ ಬಂದ ಮೊದಲ ಅರ್ಧ ಗಂಟೆ ಲಾಯದ ಹತ್ತಿರವೇ ಇರಿ. ಕೊನೆಯ ಕೂಗು ಕೂಗಿದವರು ಮಾತಾಡಲು ಬರುವುದು ಆಗಲೇ. ವ್ಯವಹಾರ ಕುದುರಿದರೆ ಹರಾಜು ಕಚೇರಿಯ ಮೂಲಕವೇ ಮುಗಿಸಿ, ಅದೇ ಷರತ್ತುಗಳ ರಕ್ಷಣೆ ಇಬ್ಬರಿಗೂ ಸಿಗುತ್ತದೆ. ಯಾರೂ ಬರದಿದ್ದರೆ ಎರಡು ದಾರಿ ಉಳಿಯುತ್ತವೆ. ಒಂದು, ಬೇಸಿಗೆ ಮುಗಿಯುವ ಮುನ್ನ ಚಿಕ್ಕ ಹರಾಜಿಗೆ ಮತ್ತೆ ಹಾಕುವುದು. ಇನ್ನೊಂದು, ಪಾಯಿಂಟ್-ಟು-ಪಾಯಿಂಟ್ ನಡೆಸುವ ಯಾರ ಜೊತೆಗಾದರೂ ಅರ್ಧ ಪಾಲಿಗೆ ಒಪ್ಪಂದ ಮಾಡಿ, ಪಳಗಿಸಿ, ನಾಲ್ಕನೇ ವರ್ಷದ ವಸಂತದಲ್ಲಿ ಓಡಿಸಿ ಆಮೇಲೆ ಮಾರುವುದು. ನಡಿಗೆ ಚೆನ್ನಾಗಿದ್ದು, ವಂಶದ ಪುಟ ಮಾತ್ರ ಬಡವಾಗಿದ್ದ ಕುದುರೆಗೆ ಎರಡನೆಯ ದಾರಿಯೇ ಸರಿ. ಓಟ ಗೆದ್ದ ಮೇಲೆ ಆ ಪುಟವನ್ನು ಯಾರೂ ಅಷ್ಟಾಗಿ ಕೇಳುವುದಿಲ್ಲ.